ಮುರುಗೇಂದ್ರಪ್ಪ ಹೇಳುತ್ತಿದ್ದ ನೀರಿನ ಕಥೆ

ದೇವಸಮುದ್ರದ ಮುರುಗೇಂದ್ರಪ್ಪನ ಹತ್ತಿರ ಒಂದು ಕಥೆ ಇತ್ತು. ಅವನ ಎದೆಯೊಳಗೆ ಪೇಸ್‌ಮೇಕರ್ ಕೂತ ದಿನದ ಕಥೆ. ಮದುವೆಮನೆಯ ಪಂಕ್ತಿಯಲ್ಲಿ, ಮೊಳಕಾಲ್ಮುರಿನ ಬಸ್ಸಿನಲ್ಲಿ, ಶೇಂಗಾ ತೂಗುವ ಕಡೆ, ಎಲ್ಲೆಂದರಲ್ಲಿ ಅದನ್ನು ಬಿಚ್ಚುತ್ತಿದ್ದ.

"ಸತ್ತು ಬದುಕಿ ಕಣ್ಣು ಬಿಟ್ರೆ ಏನು ನೋಡ್ತೀನಿ? ನನ್ನ ಹೆಂಡ್ತಿ ಬಾಟ್ಲಿ ಎತ್ಕಂಡು ಗಟಗಟ ನೀರು ಕುಡೀತಾ ಅವಳೆ! ನಿಮಗೊಂದು ಗುಟುಕು ಬೇಕಾ ಅಂತಾನೂ ಕೇಳ್ಲಿಲ್ಲ. ಇಡೀ ಬಾಟ್ಲಿ ಖಾಲಿ!"

ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವನ ಹೆಂಡತಿ ದ್ರಾಕ್ಷಾಯಣಮ್ಮನೂ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು, ಎದುರಾಡಿದವಳಲ್ಲ. ಹೆಂಡತಿ ಸುಮ್ಮನಿದ್ದರೆ ತಾನು ಗೆದ್ದೆ ಎಂದುಕೊಳ್ಳುವ ಗಂಡಂದಿರು ಎಲ್ಲ ಊರಲ್ಲೂ ಇದ್ದಾರೆ. ದೇವಸಮುದ್ರಕ್ಕೆ ಈತ ಸಾಕಾಗಿದ್ದ.

ಈ ಬೇಸಿಗೆಯಲ್ಲಿ ಅವನ ಎಡಗಾಲು ಕೈಕೊಟ್ಟಿತು. ಮೊದಲು ಜೋಮು ಹಿಡಿಯಿತು, ಆಮೇಲೆ ಚಪ್ಪಲಿ ಜಾರಿ ಬಿದ್ದರೂ ಗೊತ್ತಾಗದಷ್ಟು ಮರಗಟ್ಟಿತು. ಬೆನ್ನಿನಲ್ಲಿ ನರ ಒತ್ತಿಕೊಂಡಿದೆ, ಎಲ್ಲಿ ಎಂಬುದು ಎಂಆರ್‌ಐ ಮಾಡದೆ ತಿಳಿಯುವುದಿಲ್ಲ, ತಡವಾದರೆ ಕಾಲಿನ ಆಸೆ ಬಿಡಬೇಕು ಎಂದರು ಚಳ್ಳಕೆರೆಯ ಡಾಕ್ಟರು. ಸ್ಕ್ಯಾನಿಂಗಿಗೆ ಹೋದರೆ ಅಲ್ಲಿಯವರು ಪೇಸ್‌ಮೇಕರ್ ಎಂದದ್ದೇ ತಡ ಕೈಮುಗಿದರು. ಎಂಆರ್‌ಐ ಎಂದರೆ ಭಾರೀ ಅಯಸ್ಕಾಂತ. ಅದು ಎದೆಯೊಳಗಿನ ಯಂತ್ರವನ್ನು ಕೆಡಿಸಿಬಿಟ್ಟರೆ ಯಾರು ಹೊಣೆ?

ಕೊನೆಗೆ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಹೃದಯದ ಡಾಕ್ಟರೊಬ್ಬರು ಪೇಸ್‌ಮೇಕರಿನ ಕಾರ್ಡು ನೋಡಿ, "ಇದು ಎಂಆರ್‌ಐ ತಡಕೊಳ್ಳೋ ಥರದ್ದೇ ಯಜಮಾನ್ರೇ. ಒಳಗೆ ಹೋಗೋಕೆ ಮುಂಚೆ ಹೊರಗಿಂದಲೇ ಸೆಟ್ಟಿಂಗ್ ಬದಲಾಯಿಸ್ತೀವಿ, ಮುಗಿದ ಮೇಲೆ ಮೊದಲಿನ ಹಾಗೆ ಮಾಡ್ತೀವಿ. ನಾನೂ ಅಲ್ಲೇ ಇರ್ತೀನಿ," ಎಂದರು.

"ಮಾಡ್ರಿ, ಅದಕ್ಕೇನಂತೆ," ಎಂದ ಮುರುಗೇಂದ್ರಪ್ಪ, ಪಂಪ್‌ಸೆಟ್ಟು ರಿಪೇರಿಗೆ ಬಿಟ್ಟವನ ಹಾಗೆ.

ತಕರಾರು ಎದ್ದದ್ದು ಬೇರೆ ಕಡೆ. ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಟೆಕ್ನೀಷಿಯನ್ ಈರೇಶ್, ಮೈಮೇಲಿನ ಲೋಹವನ್ನೆಲ್ಲ ತೆಗೆಯಬೇಕೆಂದ. ಉಂಗುರ ಬಂತು, ವಾಚು ಬಂತು, ಬೆಳ್ಳಿ ಉಡಿದಾರವೂ ಬಂತು. ಕೊರಳಿನ ಕರಡಿಗೆ ಮಾತ್ರ ಬರಲಿಲ್ಲ. ಶಿವದಾರದಲ್ಲಿ ತೂಗುವ ಬೆಳ್ಳಿಯ ಆ ಪುಟ್ಟ ಕರಡಿಗೆಯೊಳಗೆ ಅವನ ಇಷ್ಟಲಿಂಗವಿತ್ತು.

"ಹುಡುಗ ಇದ್ದಾಗ ದೀಕ್ಷೆ ಆಯ್ತು ನಂಗೆ. ಅವತ್ತಿಂದ ಲಿಂಗ ನನ್ನ ಮೈ ಬಿಟ್ಟಿಲ್ಲ. ಕಾಲು ಹೋದ್ರೆ ಹೋಗ್ಲಿ."

"ಅಪ್ಪಾ, ಬೆಳ್ಳಿ ತೆಗೆದು ಲಿಂಗಾನ ಬಟ್ಟೇಲಿ ಕಟ್ಕಳ್ರಿ," ಎಂದ ಮಗ ಶಶಿಕಾಂತ್. ಅದಕ್ಕೆ ಈರೇಶ್ ಒಪ್ಪಲಿಲ್ಲ, ಒಳಗೆ ಏನನ್ನೂ ಬಿಡುವ ಹಾಗಿಲ್ಲ ಎಂದ. ಮುರುಗೇಂದ್ರಪ್ಪ ಅಂಗಿ ಹಾಕಿಕೊಂಡು ಕಾಲೆಳೆಯುತ್ತ ಹೊರಟೇಬಿಟ್ಟ.

"ಬಿಟ್ಟೈತೆ," ಎಂದಳು ದ್ರಾಕ್ಷಾಯಣಮ್ಮ.

"ಏನಂದಿ?"

"ಲಿಂಗ ನಿಮ್ಮ ಮೈ ಬಿಟ್ಟೈತೆ. ಪೇಸ್‌ಮೇಕರ್ ಹಾಕಿದ ದಿನ ನಿಮಗೆ ಎಚ್ಚರ ಇರ್ಲಿಲ್ಲ. ನರ್ಸಮ್ಮ ಬಿಚ್ಚಿ ನನ್ನ ಕೈಗೆ ಕೊಟ್ಲು. ನೀವು ಹೊರಗೆ ಬರೋಗಂಟ ಎಡಗೈಯಾಗೆ ಹಿಡ್ಕಂಡು ಕೂತಿದ್ದೆ."

ಮುರುಗೇಂದ್ರಪ್ಪ ಗೋಡೆಗೆ ಕೈಕೊಟ್ಟು ನಿಂತ. "ಲಿಂಗ ಮೈಮೇಲಿಲ್ದಾಗ ಹನಿ ನೀರೂ ಮುಟ್ಟಬಾರ್ದು ಕಣೇ. ನೇಮ ಮುರಿದೋಯ್ತಲ್ಲ!"

"ಎಲ್ಲಿ ಮುರೀತು? ಎಚ್ಚರ ಇಲ್ದೋರ ನೇಮ ನಾನು ಹಿಡಿದೆ. ಹೊತ್ತು ಮುಳುಗೋವರೆಗೂ ಹನಿ ನೀರು ಮುಟ್ಲಿಲ್ಲ. ನಿಮ್ಮ ಕೊರಳಿಗೆ ಕಟ್ಟಿ, ಆಮೇಲೆ ಬಾಟ್ಲಿ ಎತ್ತಿದೆ. ನೀವು ಕಣ್ಣು ಬಿಟ್ಟಿದ್ದು ಅವಾಗಲೇ."

ಶಶಿಕಾಂತ್ ತಲೆ ತಗ್ಗಿಸಿದ. ಆ ಕಥೆಗೆ ಅವನೂ ಎಷ್ಟು ಸಲ ನಕ್ಕಿದ್ದನೋ.

"ಯಾಕೆ ಹೇಳ್ಲಿಲ್ಲ ನಂಗೆ?" ಎಂದ ಮುರುಗೇಂದ್ರಪ್ಪ.

"ಹೇಳಿದ್ರೆ ಹಸಿ ಹೊಲಿಗೇಲೇ ಎದ್ದು ಪ್ರಾಯಶ್ಚಿತ್ತಕ್ಕೆ ಅಂತ ಮಠಕ್ಕೆ ಓಡ್ತಿದ್ರಿ. ಆಮೇಲೆ ನೋಡಿದ್ರೆ ನೀವು ನಗ್ತಾ ನಗ್ತಾ ಆ ಕಥೆ ಹೇಳ್ತಿದ್ರಿ. ನೀವು ಬದುಕಿ ನಗೋದು ಕಂಡ್ರೆ ಸಾಕಿತ್ತು ನಂಗೆ."

ಮುರುಗೇಂದ್ರಪ್ಪ ಶಿವದಾರವನ್ನು ತಾನೇ ಕೊರಳಿಂದ ತೆಗೆದು, ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಅವಳ ಎಡಗೈಯಲ್ಲಿಟ್ಟ. ಅವಳು ಬೆರಳು ಮುಚ್ಚಿದಳು.

ಒಳಗೆ ಯಂತ್ರ ಡಬಡಬ ಬಡಿಯಿತು. ಡಾಕ್ಟರು ಗಾಜಿನಾಚೆ ಕೂತು ಅವನ ಎದೆಬಡಿತವನ್ನೇ ನೋಡುತ್ತಿದ್ದರು. ಅವನಿಗೆ ತನ್ನ ಎದೆಯದಾಗಲಿ ಕಾಲಿನದಾಗಲಿ ಚಿಂತೆ ಇರಲಿಲ್ಲ. ಇಂಥ ಬಿಸಿಲಲ್ಲಿ ಅವಳಿಗೆ ಎಷ್ಟು ಬಾಯಾರಿದೆಯೋ ಎಂಬುದೊಂದೇ ಯೋಚನೆ. ಹೊರಗೆ ಬೆಂಚಿನ ಮೇಲೆ ಕೂತ ದ್ರಾಕ್ಷಾಯಣಮ್ಮ, ಮಗ ತಂದ ಚಹಾವನ್ನು ಬೇಡವೆಂದು ಪಕ್ಕಕ್ಕೆ ಸರಿಸಿದ್ದಳು.

ಎಲ್ಲ ಸುಸೂತ್ರವಾಗಿ ಮುಗಿಯಿತು. ಡಾಕ್ಟರು ಪೇಸ್‌ಮೇಕರನ್ನು ಮೊದಲಿನಂತೆ ಮಾಡಿದರು. ಸಂಜೆಯಾಗುವ ಮೊದಲೇ ವಿಷಯವೂ ತಿಳಿಯಿತು: ನರ ಒತ್ತಿಕೊಂಡಿರುವುದು ಒಂದೇ ಕಡೆ, ಆಪರೇಷನ್ ಮಾಡಿದರೆ ಮತ್ತೆ ಹೊಲದ ಬದುವಿನ ಮೇಲೆ ನಡೆದಾಡಬಹುದು.

ಆದರೆ ಅದಕ್ಕೂ ಮೊದಲು, ಸ್ಕ್ಯಾನ್ ಕೋಣೆಯಿಂದ ಹೊರಬಂದ ಕೂಡಲೇ ಅವನು ಹೆಂಡತಿಯ ಮುಂದೆ ಕೊರಳು ಬಗ್ಗಿಸಿದ್ದ. ಅಷ್ಟು ಹೊತ್ತು ಬಿಗಿಹಿಡಿದ ಬೆರಳು ಬಿಡಿಸಿಕೊಳ್ಳಲು ಅವಳಿಗೆ ಆಗಲಿಲ್ಲ. ಅವನೇ ಒಂದೊಂದಾಗಿ ಬಿಡಿಸಿದ. ಅವಳು ಕರಡಿಗೆಯನ್ನು ಕೊರಳಿಗೆ ಹಾಕಿದಳು.

"ಶಶೀ, ಮೊದ್ಲು ನಿಮ್ಮವ್ವಗೆ ನೀರು ಕೊಡಲೇ!"

ಮಗ ಬಾಟಲಿ ಹುಡುಕುವಷ್ಟರಲ್ಲಿ ತಾನೇ ಕಿತ್ತುಕೊಂಡು ಮುಚ್ಚಳ ತೆಗೆದು ಕೊಟ್ಟ. ದ್ರಾಕ್ಷಾಯಣಮ್ಮ ತಲೆಯೆತ್ತಿ ಗಟಗಟ ಕುಡಿದಳು. ಅರ್ಧಕ್ಕೆ ನಿಲ್ಲಿಸಿ, ಕಣ್ಣಲ್ಲೇ ನಗುತ್ತ ಕೇಳಿದಳು:

"ನಿಮಗೊಂದು ಗುಟುಕು ಬೇಕಾ?"

"ಬ್ಯಾಡ," ಎಂದ ಮುರುಗೇಂದ್ರಪ್ಪ, ಕಣ್ಣೊರೆಸಿಕೊಂಡು. "ಪೂರ್ತಿ ನೀನೇ ಕುಡಿ."