ಎಡಸಾಲಿನ ಗಂಟುಗಳು

ಸೋಮವಾರ ಬೆಳಗಿನ ಪ್ರಾರ್ಥನೆ ಮುಗಿಸಿ ಹೂಕೋಣೆಯ ಬಾಗಿಲು ತೆರೆದರೆ ಎಡಸಾಲಿನ ಗಿಡಗಳು ಮತ್ತೆ ವಾಲಿದ್ದವು. ಇದು ಸತತ ಮೂರನೆಯ ಸೋಮವಾರ. ಬಲೆ ಹಾಸಿದ್ದ ಬಲಸಾಲು ಇಗರ್ಜಿಯಲ್ಲಿ ಕೂತ ಮಕ್ಕಳಂತೆ ನೆಟ್ಟಗಿತ್ತು. ನಾನು ಕೈಯಾರೆ ಕಟ್ಟಿದ್ದ ಸಾಲು ಮಾತ್ರ ಮದುವೆಮನೆಯಿಂದ ಹೊರಟ ಕುಡುಕರಂತೆ ಒಂದರ ಭುಜದ ಮೇಲೊಂದು ಒರಗಿತ್ತು.

ವೈಪೋಹು ಕೊಲ್ಲಿಯಲ್ಲಿ ಕುರಿಯ ಉಣ್ಣೆ ಕತ್ತರಿಸುತ್ತಿದ್ದ ಹಳೆಯ ಶೆಡ್ಡಿನಲ್ಲಿ ನಾವು ಈಗ ಔಷಧಿಗೆ ಗಾಂಜಾ ಬೆಳೆಯುತ್ತೇವೆ. ಸರಕಾರದ ಪರವಾನಗಿ ಇದೆ. ಗಿಡಕ್ಕೊಂದು ನಂಬರು, ಮೂಲೆಗೊಂದು ಕ್ಯಾಮೆರಾ. ಹೂ ಕಟ್ಟಿದ ಮೇಲೆ ಗೊಂಚಲು ಎಷ್ಟು ತೂಗುತ್ತದೆಂದರೆ ಕಾಂಡಕ್ಕೆ ಅದನ್ನು ಹೊರಲಾಗುವುದಿಲ್ಲ, ಆಸರೆ ಕೊಡಲೇಬೇಕು. ಯಾವ ಆಸರೆ ಎಂಬುದರ ಮೇಲೆಯೇ ಈ ಬೆಳೆಯ ಆರಂಭದಲ್ಲಿ ದೊಡ್ಡ ಚರ್ಚೆಯಾಗಿತ್ತು.

ಮ್ಯಾನೇಜರ್ ಬ್ರಿಜೆಟ್ ದಕ್ಷಿಣದ ಟೊಮೆಟೊ ಗಾಜಿನಮನೆಗಳಲ್ಲಿ ಪಳಗಿ ಬಂದ ಬಿಳಿಯರ ಹುಡುಗಿ. ವಯಸ್ಸು ನನ್ನದರಲ್ಲಿ ಅರ್ಧ. ಅವಳು ಚಹಾದ ಮೇಜಿನ ಮೇಲೆ ಮೂರು ವಸ್ತು ಇಟ್ಟಳು: ಪ್ಲಾಸ್ಟಿಕ್ ಬಲೆ, ಮೇಲಿನಿಂದ ಇಳಿಬಿಡುವ ದಾರದ ಉರುಳೆ, ಬಿದಿರಿನ ಕೋಲು.

"ಬಲೆಯಾದ್ರೆ ಒಂದೇ ದಿನದ ಕೆಲಸ, ಆಂಟಿ ಕರಾರೈನಾ," ಎಂದಳು.

"ಹಾಕೋದು ಒಂದೇ ದಿನ, ಸರಿ. ನಡುವಿನ ಗಿಡಕ್ಕೆ ಬೂಸ್ಟು ಹಿಡಿದ್ರೆ ಹೊರಗೆ ತೆಗಿಯೋದು ಹೇಗಮ್ಮಾ? ಮೀನು ಬಿಡಿಸಿದ ಹಾಗೆ ಬಿಡಿಸ್ತೀಯಾ?" ಎಂದೆ. ಎಲ್ಲರೂ ನಕ್ಕರು.

"ದಾರ ನೇತುಹಾಕಿದ್ರೆ ಗಿಡದ ಮೇಲಿನ ದೀಪ ಏರಿಸಿ ಇಳಿಸೋಕಾಗಲ್ಲ," ಎಂದವನು ಎರುವೇರಾ, ತೀರಿಕೊಂಡ ನನ್ನ ಗಂಡನ ತಮ್ಮ.

"ಹಾಗಾದ್ರೆ ಗಿಡಕ್ಕೊಂದು ಕೋಲು ಕೊಡಿ. ಹರಕೆಕೆ ನಾರುಗಿಡದ ಗರಿ ಸೀಳಿ ನಾನು ಕಟ್ತೀನಿ. ತಂತಿಯ ಹಾಗೆ ಕೊಯ್ಯಲ್ಲ, ಪ್ಲಾಸ್ಟಿಕ್ಕಿನ ಹಾಗೆ ಕಸ ಆಗಲ್ಲ," ಎಂದೆ.

ಬ್ರಿಜೆಟ್ ಒಂದು ಕ್ಷಣ ಯೋಚಿಸಿ, ಬಲಸಾಲಿಗೆ ಬಲೆ, ಎಡಸಾಲಿಗೆ ಕೋಲು ಮತ್ತು ಗರಿ ಎಂದು ತೀರ್ಮಾನಿಸಿದಳು. ಯಾವುದು ಚೆನ್ನಾಗಿ ನಿಲ್ಲುತ್ತದೋ ಮುಂದಿನ ಬೆಳೆಗೆ ಅದೇ.

ಶುಕ್ರವಾರ ಮುಂಜಾನೆ ನಾನು ತೊರೆಯಂಚಿನ ಹರಕೆಕೆ ಪೊದೆಗೆ ಹೋಗಿ ಪ್ರಾರ್ಥಿಸಿ, ಕತ್ತಿಯಂಥ ಉದ್ದನೆಯ ಎಲೆಗಳಲ್ಲಿ ಹೊರಗಿನವನ್ನಷ್ಟೇ ಕೊಯ್ಯುತ್ತಿದ್ದೆ. ನಡುವಿನ ಸುಳಿ ಮಗು, ಅದರ ಎರಡು ಪಕ್ಕದವು ತಂದೆತಾಯಿ. ಅವನ್ನು ಮುಟ್ಟುವ ಹಾಗಿಲ್ಲ. ಎಲೆಯನ್ನು ಬೆರಳಗಲಕ್ಕೆ ಸೀಳಿ, ಆ ವಾರ ಹೊಸದಾಗಿ ಚಾಚಿದ ಕೊಂಬೆಗಳನ್ನು ಮಧ್ಯಾಹ್ನದೊಳಗೆ ಕೋಲಿಗೆ ಕಟ್ಟಿ ಮನೆಗೆ ಹೋಗುತ್ತಿದ್ದೆ. ಶನಿವಾರ, ಭಾನುವಾರ ನೀರು ನೋಡಿಕೊಳ್ಳಲು ಕೋಣೆಯಲ್ಲಿ ಇರುತ್ತಿದ್ದವನು ಒಬ್ಬನೇ, ಎರುವೇರಾ. ಸೋಮವಾರ ಬಂದರೆ ಗಿಡ ವಾಲಿರುತ್ತಿತ್ತು.

ಮೊದಲ ಸಲ ನನ್ನ ಕೈಯನ್ನೇ ಬೈದುಕೊಂಡೆ. ಎರಡನೆಯ ಸಲ ಮನಸ್ಸು ಬೇರೆ ಕಡೆ ತಿರುಗಿತು. ಗಿಡ ವಾಲಿದರೆ ಎಲೆಯ ಮರೆ ಸರಿದು ಕೆಳಗಿನ ಗೊಂಚಲಿಗೆ ಕೈ ಸುಲಭವಾಗಿ ಹೋಗುತ್ತದೆ. ಅಲ್ಲಿಂದ ನಾಲ್ಕು ಹೂ ಹೋದರೆ ಕಟಾವಿನ ತನಕ ಯಾರಿಗೂ ತಿಳಿಯದು. ಎರುವೇರಾ ಹರೆಯದಲ್ಲಿ ಗುಡ್ಡದ ಹಿಂದೆ ಇದೇ ಗಿಡ ಕದ್ದುಮುಚ್ಚಿ ಬೆಳೆದು ಹದಿನೆಂಟು ತಿಂಗಳು ಜೈಲಿನಲ್ಲಿದ್ದವನು. ಈ ಕೆಲಸಕ್ಕೆ ಅವನು ಸೇರಿದ್ದು ಊರ ಹಿರಿಯರು ಜಾಮೀನಿನಂತೆ ಸಹಿ ಹಾಕಿದ್ದರಿಂದ. ಆ ಸಹಿಗಳಲ್ಲಿ ನನ್ನದೂ ಒಂದು.

ಅಲ್ಲಿಂದ ಅವನ ಒಂದೊಂದು ನಡೆಯೂ ನನಗೆ ಕಾಣತೊಡಗಿತು. ಭಾನುವಾರದ ಆರಾಧನೆಯಲ್ಲಿ ಹಿಂದಿನ ಬೆಂಚಿನಲ್ಲೇ ಕೂರುತ್ತಾನೆ. ಆಶೀರ್ವಚನಕ್ಕೆ ಮೊದಲೇ ಎದ್ದು ಹೋಗುತ್ತಾನೆ. ನನ್ನ ಸಾಲಿನ ಮಾತು ಬಂದರೆ ಚಹಾದ ಲೋಟ ನೋಡುತ್ತಾನೆ. ಅನುಮಾನವೂ ಪ್ರಾರ್ಥನೆಯ ಹಾಗೆ, ದಿನಾ ಮಾಡಿದರೆ ರೂಢಿಯಾಗುತ್ತದೆ. ನಾನು ಬೆಳಿಗ್ಗೆ ಎರಡನ್ನೂ ಒಟ್ಟಿಗೇ ಮಾಡುತ್ತಿದ್ದೆ.

ಆದ್ದರಿಂದ ಮೂರನೆಯ ಶುಕ್ರವಾರ ಒಂದು ಪರೀಕ್ಷೆ ಮಾಡಿದ್ದೆ. ಇಪ್ಪತ್ತು ಗಂಟು ಕಟ್ಟಿ, ಇಪ್ಪತ್ತರ ಬಾಲವನ್ನೂ ಕೋಲಿನ ಕಡೆಗೆ ಒಳಮುಖವಾಗಿ ಸಿಕ್ಕಿಸಿದ್ದೆ. ಈ ಸೋಮವಾರ ಬಗ್ಗಿ ಎಣಿಸಿದೆ. ಹನ್ನೆರಡರ ಬಾಲ ಹೊರಗಿತ್ತು. ಗಂಟು ಮಾತ್ರ ಅದೇ, ನನ್ನ ಮಾವ ಹುರುಳಿಕಾಯಿ ಬಳ್ಳಿಗೆ ಕಟ್ಟುತ್ತಿದ್ದ ಎರಡು ಸುತ್ತಿನ ಗಂಟು. ಅದನ್ನು ಅವರು ಕಲಿಸಿದ್ದು ಇಬ್ಬರು ಗಂಡುಮಕ್ಕಳಿಗೆ. ಒಬ್ಬ, ಅದನ್ನು ನನಗೆ ಕಲಿಸಿದ ನನ್ನ ಗಂಡ, ಗುಡ್ಡದ ಮೇಲಿನ ಸಮಾಧಿಯಲ್ಲಿದ್ದಾನೆ.

ನೇರವಾಗಿ ಬ್ರಿಜೆಟ್ ಹತ್ತಿರ ಹೋದೆ. ಅವಳು ಕ್ಯಾಮೆರಾದ ಚಿತ್ರ ಹಾಕಿದಳು. ಶನಿವಾರ ಮಧ್ಯಾಹ್ನ ಎರುವೇರಾ ನಮಗೆ ಬೆನ್ನು ಹಾಕಿ ಎಡಸಾಲಿನಲ್ಲಿ ಬಗ್ಗಿದ್ದಾನೆ. ಎಲೆಗಳ ನಡುವೆ ಕೈ ಹೋಗುತ್ತದೆ, ಬರುತ್ತದೆ, ಜೇಬಿಗಿಳಿಯುತ್ತದೆ. ಮತ್ತೆ, ಮತ್ತೆ.

"ಜೇಬಿಗೆ ಏನೋ ಹಾಕ್ತಿದ್ದಾನೆ," ಎಂದಳು ಬ್ರಿಜೆಟ್, ಮೆಲ್ಲಗೆ.

"ಏನೋ ಅಲ್ಲಮ್ಮ," ಎಂದೆ. "ಹೂವೇ. ನನ್ನ ಕಣ್ಣಿಗೆ ಕಾಣ್ತಿದೆ."

ಮಂಗಳವಾರ ಚಹಾದ ಹೊತ್ತಿಗೆ ಕೆಲಸದ ಹತ್ತು ಜನರೂ ಇದ್ದಾಗ ಬ್ರಿಜೆಟ್ ಅವನನ್ನು ತನ್ನ ಕೋಣೆಗೆ ಕರೆದಳು. ಆದರೆ ನನಗೆ ತಡೆಯಲಾಗಲಿಲ್ಲ. ಮೇಜಿನ ಬಳಿಯೇ ಕೇಳಿಬಿಟ್ಟೆ.

"ಶನಿವಾರ ಜೇಬಿಗೆ ಏನು ತುಂಬ್ಕೊಂಡೆ, ಎರುವೇರಾ?"

"ಕಸ."

"ಯಾವ ಕಸ?"

ಅವನು ನನ್ನನ್ನೇ ನೋಡಿದ. "ನೀನು ಕೇಳ್ತಿದ್ದೀಯಾ ಅತ್ತಿಗೆ? ಅದು ಯಾವ ಕಸ, ಎಲ್ಲಿಗೆ ಹೋಗುತ್ತೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

"ನನಗೇನು ಗೊತ್ತು? ನಿನ್ನ ಹಳೇ ಚಾಳಿ ಇಡೀ ಕೊಲ್ಲಿಗೇ ಗೊತ್ತು."

ಯಾರೋ ಲೋಟ ಕೆಳಗಿಟ್ಟ ಸದ್ದಾಯಿತು. ಎರುವೇರಾ ಕೊರಳಿನಲ್ಲಿದ್ದ, ಬಾಗಿಲು ತೆರೆಯುವ ಕಾರ್ಡು ತೆಗೆದು ಬೆಣ್ಣೆಯ ಬಟ್ಟಲಿನ ಪಕ್ಕ ಇಟ್ಟು ಹೊರಟುಹೋದ.

ಪರವಾನಗಿ ಕಚೇರಿಗೆ ದೂರು ಬರೆಯದೆ ವಿಧಿಯಿಲ್ಲ, ಶುಕ್ರವಾರ ಹನ್ನೆರಡಕ್ಕೆ ಕಳಿಸುತ್ತೇನೆ ಎಂದಳು ಬ್ರಿಜೆಟ್. ಆ ಕಾಗದ ಹೋದರೆ ಅವನಿಗೆ ಈ ಕೆಲಸ ದೇಶದಲ್ಲೆಲ್ಲೂ ಸಿಗದು, ಪೊಲೀಸರೂ ಬರುತ್ತಾರೆ. ನನಗೆ ದುಃಖವಾಯಿತು. ನಿಜ ಹೇಳುವುದಾದರೆ, ನನ್ನ ಎಣಿಕೆ ಸರಿಯಾಯಿತೆಂಬ ಸಣ್ಣ ಸಮಾಧಾನವೂ ಆಯಿತು. ದೇವರು ಎರಡನ್ನೂ ಕಂಡಿರಬೇಕು.

ಶುಕ್ರವಾರ ಮುಂಜಾನೆ ಎಂದಿನಂತೆ ಪೊದೆಗೆ ಹೋದೆ. ಆ ದಿನ ತೊರೆಯ ಕಡೆ ಕೆಸರಿತ್ತು, ಸುತ್ತಿಕೊಂಡು ಹಿಂಬದಿಯಿಂದ ಇಳಿದೆ. ಪೊದೆಯ ಬುಡದಲ್ಲಿ ಒಣಗಿದ ಚೂರುಗಳ ಒಂದು ಪುಟ್ಟ ರಾಶಿ. ಕೆಳಗಿನವು ಕಂದು, ನಡುವಿನವು ಹುಲ್ಲಿನ ಬಣ್ಣ, ಮೇಲಿನವು ಇನ್ನೂ ತುಸು ಹಸಿರು. ಮೂರು ವಾರದ ಮೂರು ಬಣ್ಣ.

ಹರಕೆಕೆಯ ಚೂರನ್ನು ನಮ್ಮಲ್ಲಿ ಯಾರೂ ಕಸದ ಡಬ್ಬಿಗೆ ಹಾಕುವುದಿಲ್ಲ. ಕೊಯ್ದ ಬುಡಕ್ಕೇ ಮರಳಿಸುತ್ತೇವೆ. ಚಾಪೆ ಹೆಣೆಯುವ ಹೆಂಗಸರಿಗೆಲ್ಲ ಮಗುವಾಗಿದ್ದಾಗಲೇ ಕಲಿಸುವ ಪಾಠ ಅದು. ನಾನೇ ನೂರು ಮಕ್ಕಳಿಗೆ ಕಲಿಸಿದ್ದೇನೆ.

ಮಂಡಿಯೂರಿ ಒಂದನ್ನು ಎತ್ತಿಕೊಂಡೆ. ನನ್ನ ಗಂಟು. ಬಾಲ ಒಳಮುಖ. ಗಂಟನ್ನು ಬಿಚ್ಚಿರಲಿಲ್ಲ, ಇನ್ನೊಂದು ಬದಿಯಲ್ಲಿ ಚಾಕುವಿನಿಂದ ಕತ್ತರಿಸಿದ್ದ. ಬೆರಳಗಲದ ಗರಿ ಬತ್ತಿ ಸುರುಳಿಯಾಗಿ ದಾರದಷ್ಟಾಗಿತ್ತು. ಅದರ ಸುತ್ತಿನೊಳಗೆ ನನ್ನ ಹೆಬ್ಬೆರಳು ಸಲೀಸಾಗಿ ಹೋಗಿ ಬಂತು.

ಎಲ್ಲ ಅಲ್ಲೇ ಅರ್ಥವಾಯಿತು. ಬುಟ್ಟಿ ಹೆಣೆಯುವುದಾದರೆ ಗರಿಯನ್ನು ಹೆರೆದು, ಬಿಸಿನೀರಿಗೆ ಅದ್ದಿ, ಒಣಗಿಸಿಯೇ ಹೆಣೆಯುತ್ತೇವೆ. ಇಲ್ಲದಿದ್ದರೆ ಆಮೇಲೆ ಕುಗ್ಗಿ ಸಡಿಲಾಗುತ್ತದೆ. ಬಳ್ಳಿ ಕಟ್ಟಲು, ಬೇಲಿ ಬಿಗಿಯಲು ಮಾತ್ರ ಹಸಿ ಗರಿ. ಕಡಲ ಗಾಳಿ, ಬೆಳಗಿನ ಇಬ್ಬನಿ ಅದನ್ನು ತೇವವಾಗಿಯೇ ಇಡುತ್ತವೆ. ಆದರೆ ಹೂಕೋಣೆಗೆ ಇಬ್ಬನಿ ಎಲ್ಲಿಯದು? ಗಾಳಿಯ ತೇವ ಹೀರುವ ಯಂತ್ರ ಅಲ್ಲಿ ದಿನಕ್ಕೆ ಬಕೆಟ್ಟುಗಟ್ಟಲೆ ನೀರು ತೆಗೆಯುತ್ತದೆ. ಶುಕ್ರವಾರದ ಹಸಿ ಗರಿ ಶನಿವಾರಕ್ಕೇ ಬತ್ತುತ್ತಿತ್ತು. ಎರುವೇರಾ ಅದನ್ನು ಕತ್ತರಿಸಿ, ಕೋಣೆಯ ಹೊರಗೆ ನಾನು ಬಿಟ್ಟ ಬುಟ್ಟಿಯಲ್ಲಿ ಉಳಿದ ಹಸಿ ಗರಿಯಿಂದಲೇ ಮತ್ತೆ ಕಟ್ಟುತ್ತಿದ್ದ. ಸೋಮವಾರಕ್ಕೆ ಅದೂ ಬತ್ತುತ್ತಿತ್ತು. ಸೋಮವಾರ ನಾನೇ ಎಳೆದು ಬಿಗಿ ಮಾಡುತ್ತಿದ್ದೆ. ಒಣಗಿದ ಗರಿ ಇನ್ನು ಕುಗ್ಗದು, ಆದ್ದರಿಂದ ವಾರವಿಡೀ ನಿಲ್ಲುತ್ತಿತ್ತು.

ಆ ದಿನ ಎಲೆ ಕೊಯ್ಯಲಿಲ್ಲ. ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬ್ರಿಜೆಟ್ ಮುಂದೆ ಬಿಚ್ಚಿದಾಗ ಗಂಟೆ ಒಂಬತ್ತಾಗಿರಲಿಲ್ಲ. ಅವಳು ಒಂದೊಂದನ್ನೂ ತಿರುಗಿಸಿ ನೋಡಿ, ಮತ್ತೆ ಕ್ಯಾಮೆರಾದ ಚಿತ್ರ ನಿಧಾನಕ್ಕೆ ಓಡಿಸಿದಳು. ಜೇಬಿಗಿಳಿಯುವ ಕೈಯಲ್ಲಿ ಈಗ ಸುರುಳಿ ಕಂಡಿತು. ಮೊದಲೂ ಇತ್ತು.

"ದೂರು ಕಳಿಸಲ್ಲ," ಎಂದಳು. "ಆದ್ರೆ ಕೋಣೆಯಿಂದ ಒಂದು ಕಡ್ಡಿಯೂ ಹೊರಗೆ ಹೋಗಬಾರದು ಅನ್ನೋದು ನಿಯಮ. ಅವನಿಗೆ ಎಚ್ಚರಿಕೆ ಪತ್ರ ಕೊಡಲೇಬೇಕು, ಆಂಟಿ."

"ಹಾಗಾದ್ರೆ ನನಗೂ ಒಂದು ಬರಿ."

"ನಿಮಗ್ಯಾಕೆ?"

"ಹೂವೇ ಅಂದೆನಲ್ಲ, ಅದಕ್ಕೆ. ನಾನು ಹೂ ಕಂಡಿರಲಿಲ್ಲ."

ಎರುವೇರಾ ಮನೆಯ ಹಿಂದೆ ಹಾವುಮೀನು ಸೀಳಿ ಹೊಗೆಪೆಟ್ಟಿಗೆಗೆ ಏರಿಸುತ್ತಿದ್ದ. ತಲೆ ಎತ್ತಲಿಲ್ಲ.

"ಬಾ ಅತ್ತಿಗೆ. ಕ್ಯಾಮೆರಾ ತಂದಿದ್ದೀಯೋ, ಇಲ್ಲಾ ಬರೀ ಕಣ್ಣಲ್ಲೇ ಎಣಿಸ್ತೀಯೋ? ಮೀನು ಏಳು ಇವೆ."

ಕರವಸ್ತ್ರ ಬಿಚ್ಚಿ ತೋರಿಸಿದೆ. ಅವನು ಕೈ ಒರೆಸಿಕೊಂಡ.

"ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಿದ್ದೆ. ಆ ಹುಡುಗಿ ಎದುರು ನಿನ್ನ ಗರಿ ಸೋತುಹೋಗುತ್ತೆ ಅನ್ನಿಸ್ತು. ಮೂರ್ನಾಲ್ಕು ವಾರ ನಾನೇ ಬಿಗಿ ಮಾಡಿದ್ರೆ ಕಟಾವೇ ಬರುತ್ತಲ್ಲ ಅಂದ್ಕೊಂಡೆ."

"ಮಂಗಳವಾರನಾದ್ರೂ..."

"ಮಂಗಳವಾರ ಹೇಳಿದೆ. ನೀನು ಕೇಳಿಸ್ಕೊಳ್ಳಲಿಲ್ಲ."

ನಾನು ಅವನ ಅಂಗಳದ ಮಣ್ಣಿನ ಮೇಲೆ ಕೂತೆ. "ತಪ್ಪಾಯ್ತು, ಎರುವೇರಾ."

"ಇಲ್ಲಿ ಬೇಡ," ಎಂದ. "ಅಲ್ಲಿ ಹತ್ತು ಜನ ಇದ್ರು. ಇಲ್ಲಿ ಮೀನು ಬಿಟ್ರೆ ಯಾರಿದ್ದಾರೆ?"

ಸೋಮವಾರ ಕೆಲಸಕ್ಕೆ ಮುಂಚಿನ ಪ್ರಾರ್ಥನೆಗೆ ಅವನು ಶೆಡ್ಡಿಗೆ ಬಂದ, ಆದರೆ ಒಳಗೆ ಬರಲಿಲ್ಲ. ಬೂಟು ಬಿಚ್ಚದೆ ಹೊಸ್ತಿಲಾಚೆ ನಿಂತ. 'ಆಮೆನ್' ಆದ ಮೇಲೆ ನಾನು ಎದ್ದು ನಿಂತೆ. ಹಸಿ ಗರಿ ಕಟ್ಟಿದವಳು ನಾನು, ವಾಲಿಸಿದವಳು ನಾನು, ಕಾಣದ್ದನ್ನು ಕಂಡೆನೆಂದವಳು ನಾನು ಎಂದೆ. ಅವನ ಜೈಲಿನ ಮಾತೆತ್ತಿದ್ದನ್ನೂ ಬಿಡದೆ ಹೇಳಿದೆ. ಮುಂದಿನ ಬೆಳೆಗೆ ಎರಡೂ ಸಾಲಿಗೆ ಬಲೆಯೇ ಇರಲಿ ಎಂದು ಮುಗಿಸಿದೆ.

ನಮ್ಮಲ್ಲಿ ಯಾರಾದರೂ ಎದ್ದು ಮಾತಾಡಿದರೆ, ಮಾತಿಗೆ ಬೆಂಬಲವಾಗಿ ಅವರ ಪಕ್ಕ ನಿಂತು ಹಾಡುವುದು ವಾಡಿಕೆ. ಆ ದಿನ ಯಾರೂ ಏಳಲಿಲ್ಲ. ಎದ್ದರೆ ಯಾರ ಕಡೆ ನಿಂತಂತಾಗುತ್ತದೋ ಎಂದು ಎಲ್ಲರೂ ತಮ್ಮ ಕಾಲ್ಚೀಲ ನೋಡಿಕೊಂಡರು. ನಾನು ಒಬ್ಬಳೇ ನಿಂತಿದ್ದೆ. ಹಾಡಿಲ್ಲದೆ ಕೂರುವ ಹಾಗೂ ಇರಲಿಲ್ಲ.

ಬಾಗಿಲಾಚೆ ಒಂದು ಬೂಟು ನೆಲಕ್ಕೆ ಬಿತ್ತು. ಆಮೇಲೆ ಇನ್ನೊಂದು. ಎರುವೇರಾ ಬಂದು ನನ್ನ ಪಕ್ಕ ನಿಂತು, ಯಾರಿಗೂ ದನಿಗೂಡಿಸಲಾಗದಷ್ಟು ಕೆಳಗಿನ ಶ್ರುತಿಯಲ್ಲಿ ಒಂದು ಸ್ತೋತ್ರ ಎತ್ತಿಕೊಂಡ.

"ಇನ್ನೂ ಸ್ವಲ್ಪ ಮೇಲೆ ಎತ್ತೋ," ಎಂದೆ ಪಿಸುದನಿಯಲ್ಲಿ.

"ಸುಮ್ನೆ ಹಾಡು, ಅತ್ತಿಗೆ," ಎಂದ.