ಇದರಲ್ಲಿ ನನ್ನ ನೀರಿಲ್ಲ

ಸಗೀರನಿಗೆ ಯಾವುದರಲ್ಲೂ ನೀರಿರಲಿಲ್ಲ. ತನಗೆ ಸಂಬಂಧವಿಲ್ಲ ಎನ್ನಬೇಕಾದಾಗ ಕಾನೋ ನಗರದ ಹೌಸಾ ಜನ ‘ಇದರಲ್ಲಿ ನನ್ನ ನೀರಿಲ್ಲ’ ಎನ್ನುತ್ತಾರೆ. ಬೇರೆಯವರು ದಿನಕ್ಕೊಮ್ಮೆ ಆಡುವ ಈ ಮಾತನ್ನು ಅವನು ಹತ್ತು ಸಲ ಆಡುತ್ತಿದ್ದ. ಕಾಲೇಜಿನ ವಿಭಾಗದ ಜಗಳದಲ್ಲಿ ಅವನ ನೀರಿಲ್ಲ, ನಾದಿನಿಯ ಮದುವೆಯಲ್ಲಿ ಅವನ ನೀರಿಲ್ಲ, ಚುನಾವಣೆಯಲ್ಲಂತೂ ಇಲ್ಲವೇ ಇಲ್ಲ. ಅಂತರ್ಜಲದ ಮೇಷ್ಟ್ರ ಬಾಯಲ್ಲಿ ಈ ಮಾತು ಕೇಳಿ ವಿದ್ಯಾರ್ಥಿಗಳು ನಗುತ್ತಾರೆಂದು ಅವನಿಗೆ ಗೊತ್ತಿತ್ತು. ಅದರಲ್ಲೂ ಅವನ ನೀರಿರಲಿಲ್ಲ.

ಬೆಳಗ್ಗೆ ಏಳೂವರೆಗೆ ಕಂಪ್ಯೂಟರು ಮತ್ತೆ ಸತ್ತಿತು. ತೊಂಬತ್ತಾರು ಡಿಗ್ರಿ. ಫ್ಯಾನು ಇನ್ನೂ ತಿರುಗುತ್ತಿತ್ತು, ಏಪ್ರಿಲಿನ ಬಿಸಿ ಗಾಳಿಯನ್ನು ಬಿಸಿ ಲೋಹದ ಮೇಲೆ ಊದುತ್ತಿತ್ತು. ಸಗೀರ ಈ ಯಂತ್ರವನ್ನು ಬಿಡಿಬಿಡಿಯಾಗಿ ತಂದು ತಾನೇ ಜೋಡಿಸಿದ್ದ. ಆದ್ದರಿಂದ ಬೈಯಲು ಬೇರೆ ಯಾರೂ ಇರಲಿಲ್ಲ.

ಕೇರಿಯ ನೆಲಕ್ಕೆ ಸರಳು ಚುಚ್ಚಿ, ಕರೆಂಟು ಹಾಯಿಸಿ ಅವನು ಅಳತೆ ತೆಗೆದು ಮೂರು ತಿಂಗಳಾಗಿತ್ತು. ಆ ಅಳತೆಗಳಿಂದ ಅಡಿಯ ಬಂಡೆಯಲ್ಲಿ ಬಿರುಕು ಎಲ್ಲಿದೆ, ನೀರು ಎಲ್ಲಿದ್ದೀತು ಎಂದು ಲೆಕ್ಕ ಹಾಕಲು ಯಂತ್ರಕ್ಕೆ ಮೂರೂವರೆ ಗಂಟೆ ಬೇಕು. ಎರಡು ಗಂಟೆಗೆ ಅದು ಕಾದು ಸಾಯುತ್ತದೆ. ನಿಧಾನಕ್ಕೆ ಓಡಿಸಿದರೆ ಎರಡು ದಿನ. ನೀರು ಹರಿಸಿ ತಣ್ಣಗಿಡುವ ಸಲಕರಣೆ ಹಾಕಬೇಕೆಂದು ಅವನು ಫೆಬ್ರವರಿಯಲ್ಲೇ ನಿಶ್ಚಯಿಸಿದ್ದ. ಯಾವುದನ್ನು ಎಂಬುದನ್ನು ಇನ್ನೂ ನಿಶ್ಚಯಿಸಿರಲಿಲ್ಲ.

ಮುಂದಿನ ವಾರ ಬರಬೇಕಾಗಿದ್ದ ಬೋರ್ ಲಾರಿ ಇವತ್ತೇ ಬಂದು ಕೇರಿಯ ಬಾಯಿಗೆ ಅಡ್ಡ ನಿಂತಿತ್ತು.

ಹೆಂಡತಿ ರಾಲಿಯಾ ಶಾಲೆಗೆ ಹೊರಟಿದ್ದಳು. ಅವಳು ಮಕ್ಕಳಿಗೆ ಗಣಿತ ಕಲಿಸುತ್ತಿದ್ದಳು. ಗಂಡನಿಗಿಂತ ಬೇಗ ಉತ್ತರಕ್ಕೆ ಬರುತ್ತಿದ್ದಳು.

“ಮನೇಲಿ ಎರಡು ಕ್ಯಾನ್ ನೀರಿದೆ. ಸಂಜೆವರೆಗೆ ಅಷ್ಟೇ. ಲಾರಿ ಅಡ್ಡ ಇರೋವಾಗ ನೀರಿನ ಗಾಡಿಯವನು ಒಳಗೆ ಬರಲ್ಲ.”

“ಸರಿ.”

“ನೆಲದಲ್ಲಿ ನೀರಿರೋದು ಹಿಟ್ಟಿನ ಗಿರಣಿ ಹಿಂದೆ, ಬೇವಿನ ಮರದ ಕೆಳಗೆ ಅಂತ ನನಗೆ ಹೇಳಿದ್ರಲ್ಲ. ಅದನ್ನೇ ಅವರಿಗೂ ಹೇಳಿ.”

“ಅದು ಅಂದಾಜು. ನೂರಕ್ಕೆ ಅರವತ್ತು.”

“ನಮ್ಮ ಮದುವೆಗೆ ಅಷ್ಟೂ ಇರಲಿಲ್ಲ,” ಎಂದು ಅವಳು ಚಪ್ಪಲಿ ಮೆಟ್ಟಿಕೊಂಡಳು.

ಹೊರಗೆ ಕೇರಿಯ ಹಿರಿಯ ಮಾಲಂ ಬಾವಾ ಅವನಿಗಾಗಿಯೇ ಕಾಯುತ್ತಿದ್ದರು. ಒಬ್ಬ ವ್ಯಾಪಾರಿ ಸತ್ತ ತಾಯಿಯ ಹೆಸರಿನಲ್ಲಿ ಕೇರಿಗೊಂದು ಬೋರ್‌ವೆಲ್ ದಾನ ಮಾಡಿದ್ದ. ಒಂದೇ. ಸಂಜೆ ಲಾರಿ ಇನ್ನೊಂದು ಊರಿಗೆ ಹೋಗಬೇಕು. ಜನ ಮಸೀದಿಯ ಮುಂದೆಯೇ ಹೊಡೆಸೋಣ ಎನ್ನುತ್ತಿದ್ದರು. ಅಲ್ಲಾದರೆ ಜಾಗ ಚೊಕ್ಕಟ, ಯಾರ ಮನೆಯ ಮುಂದೂ ಅಲ್ಲ. ನಮ್ಮ ಅಂತರ್ಜಲದ ಡಾಕ್ಟರರನ್ನು ಒಂದು ಮಾತು ಕೇಳೋಣ ಎಂದವರು ಮಾಲಂ ಒಬ್ಬರೇ.

ಲೆಕ್ಕ ಮುಗಿದಿಲ್ಲ ಎಂದು ಸಗೀರ ಹೇಳಿದ. ಮುಗಿಯದಿದ್ದರೂ ಮನಸ್ಸಿನಲ್ಲಿ ಒಂದು ಜಾಗ ಇದ್ದೇ ಇರುತ್ತದಲ್ಲ ಎಂದು ಅವರು ಕೇಳಿದರು. ಮನಸ್ಸಿನಲ್ಲಿರುವುದು ವಿಜ್ಞಾನವಲ್ಲ ಎಂದು ಅವನು ಹೇಳಿದ. ಬೋರಿನವರು ಕಬ್ಬಿಣದ ಕೊಳವೆಗಳ ಮೇಲೆ ಕೂತು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಸಗೀರನ ಬೆನ್ನಿನ ಮೇಲೆ ಬೆವರು ಇಳಿಯತೊಡಗಿತು.

“ಜಾಗ ನೀವು ನೀವೇ ತೀರ್ಮಾನ ಮಾಡ್ಕೊಳ್ಳಿ. ಇದರಲ್ಲಿ ನನ್ನ ನೀರಿಲ್ಲ.”

ಬೋರಿನವರು ಗೊಳ್ಳೆಂದು ನಕ್ಕರು. ಮಾಲಂ ಬಾವಾ ನಗಲಿಲ್ಲ.

“ನಿನ್ನ ನೀರು ಯಾರಪ್ಪ ಕೇಳಿದ್ದು? ನೆಲದ್ದು ಕೇಳ್ತಿದೀವಿ.”

ಸಗೀರ ಕೈಗಡಿಯಾರ ನೋಡಿಕೊಂಡ.

“ಮಧ್ಯಾಹ್ನದ ನಮಾಜಿನವರೆಗೆ ಇವರನ್ನ ಹಿಡಿದಿಟ್ಕೋತೀನಿ,” ಎಂದರು ಮಾಲಂ. “ನಿನ್ನ ಯಂತ್ರ ಏನು ಹೇಳುತ್ತೋ ಅಷ್ಟರೊಳಗೆ ಹೇಳಿಸು.”

ಆಟೋದಲ್ಲಿ ಕೂತ ಮೇಲೆ ಸಗೀರ ಲೆಕ್ಕ ಹಾಕಿದ. ನಮಾಜು ಮುಗಿಯುವುದು ಒಂದೂವರೆಗೆ. ಹತ್ತಕ್ಕೆ ಯಂತ್ರ ಶುರುವಾದರೆ ಸಾಕು. ಆಗುತ್ತದೆ. ಬೇವಿನ ಮರ ಎನ್ನಲು ಒಂದು ಕ್ಷಣ ಸಾಕಿತ್ತು, ಅದೂ ಆಗಬಹುದಿತ್ತು. ಆದರೆ ನಾಲ್ಕು ವರ್ಷದ ಹಿಂದೆ ಒಂದು ಹಳ್ಳಿಯಲ್ಲಿ ಅವನು ಬೆರಳು ತೋರಿಸಿದ ಕಡೆ ಐವತ್ತು ಮೀಟರು ಕೊರೆದು ಧೂಳು ತೆಗೆದಿದ್ದರು. ಯಾರೂ ಬೈಯಲಿಲ್ಲ. ಕೂರಿಸಿ, ಸಜ್ಜೆಯ ಉಂಡೆ ಕಿವುಚಿದ ಮೊಸರು ಕೊಟ್ಟರು, ಕುಡಿಯುವವರೆಗೂ ಎದುರಿಗೆ ನಿಂತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಪೇಟೆಯ ಬೈರೂತ್ ರಸ್ತೆಯಲ್ಲಿ ಉಚೆನ್ನಾ ಆಗ ತಾನೇ ತನ್ನ ಕಂಪ್ಯೂಟರ್ ಅಂಗಡಿಯ ಬಾಗಿಲೆತ್ತುತ್ತಿದ್ದ. ಇಗ್ಬೋ ಜನದವನು, ಕಾನೋದಲ್ಲೇ ಹುಟ್ಟಿದವನು, ಹೌಸಾದಲ್ಲಿ ಸಗೀರನಿಗಿಂತ ಚುರುಕಾಗಿ ಬೈಯಬಲ್ಲವನು. ಗಿರಾಕಿಯನ್ನು ಕಂಡು ಅವನು ಕೈ ಮೇಲೆತ್ತಿದ.

“ಬಂದ್ರಾ. ಫೆಬ್ರವರಿಯಿಂದ ಇದು ಆರನೇ ಸಲ. ಹಬ್ಬದ ಟಗರು ಕೊಳ್ಳೋರೂ ಇಷ್ಟು ಸಲ ಹಲ್ಲು ನೋಡಲ್ಲ, ಡಾಕ್ಟರ್.”

“ಇವತ್ತು ಕೊಳ್ತೀನಿ.”

“ಹೋದ ಸಲಾನೂ ಇವತ್ತೇ ಇತ್ತು.”

ತಣ್ಣಗಿಡುವ ಸಲಕರಣೆಯಲ್ಲಿ ಎರಡು ಬಗೆ ಇದ್ದವು. ಒಂದು, ಕಾರ್ಖಾನೆಯಲ್ಲೇ ನೀರು ತುಂಬಿ ಮೊಹರು ಮಾಡಿದ್ದು: ಕಂಪ್ಯೂಟರಿನ ಚಿಪ್ ಮೇಲೆ ಕೂರುವ ಪಂಪು, ಎರಡು ಕಪ್ಪು ಕೊಳವೆ, ಒಂದು ರೇಡಿಯೇಟರು. ನಾಲ್ಕು ಸ್ಕ್ರೂ ಬಿಗಿದರೆ ಮುಗಿಯಿತು. ಇನ್ನೊಂದು, ಬಿಡಿ ಭಾಗಗಳದು: ಪಂಪು ಬೇರೆ, ಗಾಜಿನ ತೊಟ್ಟಿ ಬೇರೆ, ರೇಡಿಯೇಟರು ಬೇರೆ. ಪಾರದರ್ಶಕ ಕೊಳವೆಯನ್ನು ಅಳೆದು ಕತ್ತರಿಸಬೇಕು, ಎಲ್ಲವನ್ನೂ ತೊಳೆಯಬೇಕು, ನೀರು ತುಂಬಬೇಕು, ಸೋರುತ್ತದೆಯೇ ಎಂದು ಕಾಯಬೇಕು.

ಉಚೆನ್ನಾ ಮೊಹರಿನ ಡಬ್ಬವನ್ನು ಮೇಜಿನ ಮೇಲೆ ಕುಕ್ಕಿದ. ಹತ್ತು ನಿಮಿಷದ ಕೆಲಸ ಎಂದ. ಒಂಬತ್ತು ಗಂಟೆ ಇಪ್ಪತ್ತು ನಿಮಿಷವಾಗಿತ್ತು.

ಸಗೀರ ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದ. ಒಳಗೆ ಗುಳುಗುಳು ಎಂದಿತು. ಗಾಳಿ ಸೇರಿದೆ ಎಂದ. ಎಲ್ಲದರಲ್ಲೂ ಸ್ವಲ್ಪ ಸೇರಿರುತ್ತದೆ ಎಂದ ಉಚೆನ್ನಾ. ಯಾವಾಗ ತಯಾರಾದದ್ದು? ಎರಡು ವರ್ಷದ ಹಿಂದೆ. ಹಾಗಾದರೆ ನೀರು ಕೊಳವೆಯ ಗೋಡೆಯಿಂದಲೇ ಆರುತ್ತಾ ಬಂದಿರುತ್ತದೆ. ಎಷ್ಟು ಆರಿದೆ, ಎಷ್ಟು ಉಳಿದಿದೆ ಎಂದು ಹೇಗೆ ತಿಳಿಯುವುದು?

“ತಿಳಿಯಲ್ಲ. ನಂಬಬೇಕು.”

“ಒಳಗಿನ ನೀರು ಕಾಣಲ್ಲವಲ್ಲ.”

“ಕಾಣೋ ನೀರಿಗೆ ನಿಮ್ಮಂಥ ಡಾಕ್ಟರು ಯಾಕೆ ಬೇಕು? ಕಾಣದ್ದನ್ನ ಹೇಳೋದಕ್ಕೇ ಅಲ್ವಾ ನಿಮಗೆ ಸಂಬಳ?”

ತಮಾಷೆಗೆ ಹೇಳಿದ್ದು. ಸಗೀರನಿಗೆ ಕೆನ್ನೆ ಬಿಸಿಯಾಯಿತು. ಅವನು ಫೋನು ತೆರೆದು ಎಲ್ಲೋ ಜರ್ಮನಿಯಲ್ಲಿ ಕೂತವರು ಬರೆದ ವಿಮರ್ಶೆಗಳನ್ನು ಮತ್ತೆ ಓದತೊಡಗಿದ. ಒಬ್ಬ ಮೊಹರಿನದು ಆರು ವರ್ಷ ಬಾಳಿತು ಎಂದಿದ್ದ. ಇನ್ನೊಬ್ಬ ಆರು ತಿಂಗಳು ಎಂದಿದ್ದ. ಇಬ್ಬರೂ ಎಷ್ಟು ಖಚಿತವಾಗಿ ಬರೆದಿದ್ದರೆಂದರೆ ಅವನಿಗೆ ಹೊಟ್ಟೆಯುರಿಯಿತು. ರೇಡಿಯೇಟರಿನಲ್ಲಿ ಎರಡು ಫ್ಯಾನಿನದೋ ಮೂರು ಫ್ಯಾನಿನದೋ? ಮೃದು ಕೊಳವೆಯೋ ಗಟ್ಟಿಯದೋ? ಹತ್ತು ಗಂಟೆಯಾದದ್ದನ್ನು ಅವನು ನೋಡಿದ, ನೋಡಲಿಲ್ಲವೆಂದುಕೊಂಡ. ಉಚೆನ್ನಾ ಬೇರೆ ಮೂವರು ಗಿರಾಕಿಗಳನ್ನು ಕಳಿಸಿ, ಕರಿದ ಅಲಸಂದೆ ವಡೆಯ ಪೊಟ್ಟಣ ಬಿಚ್ಚಿ, ತಿಂದು, ಕೈ ಒರೆಸಿಕೊಂಡ.

“ಡಾಕ್ಟರ್, ನಿಮಗೆ ಎಷ್ಟು ಹೊತ್ತಿಗೆ ಬೇಕು ಯಂತ್ರ?”

“ಮಧ್ಯಾಹ್ನಕ್ಕೆ.”

“ಯಾವ ಮಧ್ಯಾಹ್ನ?”

ಹನ್ನೊಂದಕ್ಕೆ ಅವನು ಬಿಡಿ ಭಾಗಗಳನ್ನು ಕೊಂಡ. ಕಣ್ಣಿಗೆ ಕಾಣುವ ನೀರು. ಕೊಂಡ ಮೇಲೆ ಒಂದು ಗಳಿಗೆ ಎದೆ ಹಗುರಾಯಿತು, ಜೀವನದಲ್ಲಿ ಈ ಒಂದು ಸಲವಾದರೂ ಅಗ್ಗದ ದಾರಿ ಬಿಟ್ಟೆ ಎನ್ನಿಸಿತು. ತುಂಬಲು ಬಟ್ಟಿ ಇಳಿಸಿದ ನೀರು ಬೇಕಿತ್ತು. ಎಲ್ಲರ ಮನೆಗೂ ಸೋಲಾರ್ ಬಂದು, ಅದರ ಬ್ಯಾಟರಿಗಳಿಗೂ ಇದೇ ನೀರು ಬೇಕಾಗಿ, ಪಕ್ಕದ ಬ್ಯಾಟರಿ ಅಂಗಡಿಯಲ್ಲಿ ಒಂದೇ ಒಂದು ಲೀಟರು ಉಳಿದಿತ್ತು. ಸಾಕು ಎಂದುಕೊಂಡ.

ಕೇರಿಗೆ ಬಂದಾಗ ಮಾಲಂ ಬಾವಾ ಮಸೀದಿಯ ನೆರಳಿನಲ್ಲಿ ಕೂತಿದ್ದರು. ಅವನ ಕೈಯ ಡಬ್ಬಗಳನ್ನು ನೋಡಿದರು, ಆಕಾಶದ ಸೂರ್ಯನನ್ನು ನೋಡಿದರು. ಏನೂ ಕೇಳಲಿಲ್ಲ. ಅವನೂ ನಿಲ್ಲಲಿಲ್ಲ.

ಹೊಸ ರೇಡಿಯೇಟರಿನಲ್ಲಿ ಕಾರ್ಖಾನೆಯ ಕೊಳೆ ಇರುತ್ತದೆ, ನೀರು ಸ್ವಚ್ಛವಾಗಿ ಹೊರಬರುವವರೆಗೆ ತೊಳೆಯಬೇಕು ಎಂದು ಕೈಪಿಡಿಯಲ್ಲಿತ್ತು. ಸ್ವಚ್ಛ ಎಂದರೆ ಎಷ್ಟು ಎಂದು ಇರಲಿಲ್ಲ. ಸಗೀರ ಒಂದು ಕ್ಯಾನನ್ನು ಬಚ್ಚಲಿಗೆ ಎಳೆದು ತೊಳೆದ. ಬಿಳಿಯ ಬಟ್ಟಲಿನಲ್ಲಿ ನೀರು ಹಿಡಿದು ಬೆಳಕಿಗೊಡ್ಡಿದ. ಒಂದು ಕರಿಯ ಚುಕ್ಕೆ ತೇಲುತ್ತಿತ್ತು. ಮತ್ತೆ ತೊಳೆದ. ಚುಕ್ಕೆ. ಅದು ಬಟ್ಟಲಿನದೇ ಕಲೆಯಿರಬಹುದು ಎಂಬ ಅನುಮಾನ ಬಂದದ್ದು ಎರಡನೆಯ ಕ್ಯಾನು ಮುಗಿಯುತ್ತ ಬಂದಾಗ.

ಆಗ ಕಿಟಕಿ ಅದುರಿತು. ಮಧ್ಯಾಹ್ನದ ನಮಾಜು ಮುಗಿದು ಮಸೀದಿಯ ಮುಂದೆ ಲಾರಿ ಕೊರೆಯತೊಡಗಿತ್ತು.

ಇನ್ನೂ ಹೋಗಿ ನಿಲ್ಲಿಸಬಹುದಿತ್ತು. ಸಗೀರ ಎದ್ದ. ಕೈಯಲ್ಲಿ ರೇಡಿಯೇಟರಿತ್ತು, ತೊಟ್ಟಿಕ್ಕುತ್ತಿತ್ತು. ಬಾಗಿಲವರೆಗೆ ಹೋಗಿ, ತೊಟ್ಟಿಕ್ಕಿದ್ದನ್ನು ಒರೆಸಲು ಹಿಂದಕ್ಕೆ ಬಂದ.

ಎರಡೂವರೆಗೆ ಬಂದ ರಾಲಿಯಾ ಕ್ಯಾನುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು.

“ಎರಡೂನಾ?”

“ತೊಳೀಲೇಬೇಕಿತ್ತು. ಇಲ್ಲದಿದ್ರೆ ಕಟ್ಟಿಕೊಳ್ಳುತ್ತೆ.”

ಅವಳು ಚೀಲವನ್ನು ಕೆಳಗಿಟ್ಟಳು. ಮೂಲೆ ಅಂಗಡಿಯ ಪೊಟ್ಟಣದ ನೀರನ್ನೆಲ್ಲ ಬೋರಿನವರು ಮಧ್ಯಾಹ್ನಕ್ಕೇ ಕುಡಿದು ಮುಗಿಸಿದ್ದಾರೆಂದು ಹೇಳಿದಳು.

“ಇನ್ನೇನು ನೀರು ಬರುತ್ತಲ್ಲ,” ಎಂದ ಸಗೀರ, ಕಿಟಕಿಯ ಕಡೆ ಕೈ ಮಾಡಿ.

“ಎಲ್ಲಿಂದ?” ಎಂದಳು ರಾಲಿಯಾ. ಅವಳ ಮುಖ ನೋಡದೆ ಅವನು ಕೊಳವೆ ಅಳೆಯತೊಡಗಿದ.

ನಾಲ್ಕಕ್ಕೆ ತುಂಬಿಸಿದ. ಒಂದು ಲೀಟರು, ಪಾಚಿ ಕಟ್ಟದಂತೆ ನಾಲ್ಕು ಹನಿ ನೀಲಿ ಮದ್ದು. ಪಂಪು ಒಂದು ಸಲ ಕೆಮ್ಮಿ ನೀರನ್ನು ಹಿಡಿಯಿತು. ಗುಳ್ಳೆಗಳು ಕೊಳವೆಯಲ್ಲಿ ಓಡಿ, ತೊಟ್ಟಿಗೆ ಬಂದು ಒಡೆದವು. ಅವನು ಪ್ರತಿ ಕೀಲಿನ ಕೆಳಗೂ ಕಾಗದದ ಕರವಸ್ತ್ರದ ಚೂರು ಹಾಸಿದ. ಹತ್ತು ಚೂರು. ಸೋರಿದರೆ ಕಾಗದ ಹೇಳುತ್ತದೆ. ಮಂಡಿಯೂರಿ ಕೂತು ಒಂದೊಂದನ್ನೇ ಬೆರಳಿನಿಂದ ಮುಟ್ಟಿ ನೋಡುತ್ತ ಒಂದು ಗಂಟೆ ಕಳೆದ. ಹೊರಗೆ ಕೊರೆಯುವ ಸದ್ದು ಏರಿತು, ಇಳಿಯಿತು, ನಿಂತಿತು, ಕೊಳವೆ ಸೇರಿಸಿ ಮತ್ತೆ ಶುರುವಾಯಿತು. ಧೂಳು ಕಿಟಕಿಯ ಸಂದಿನಿಂದ ಒಳಗೆ ಬಂದು ಗಾಜಿನ ಮೇಲೆ ಕೂತಿತು. ಅವನು ಒರೆಸಿದ.

ಆಮೇಲೆ ಸದ್ದು ಪೂರ್ತಿ ನಿಂತಿತು.

“ಒಣಗಿದೆ,” ಎಂದು ಹೊರಗೆ ಯಾರೋ ಕೂಗಿದರು. “ಒಣ, ಪೂರಾ ಒಣ.”

ಸಗೀರನ ಬೆರಳು ಕೊನೆಯ ಚೂರಿನ ಮೇಲಿತ್ತು. ಅದೂ ಒಣಗಿತ್ತು. ಹತ್ತಕ್ಕೆ ಹತ್ತೂ. ಅವನ ಎದೆಯಲ್ಲಿ ಸಂತೋಷದಂಥದ್ದೊಂದು ಎದ್ದಿತು. ಅದು ಸಂತೋಷವೇ ಎಂದು ತಿಳಿದಾಗ ಅವನು ಬೆರಳನ್ನು ಸರಕ್ಕನೆ ತೆಗೆದುಕೊಂಡ.

ಐದೂವರೆಗೆ ಲೆಕ್ಕವನ್ನು ಶುರು ಮಾಡಿದ. ಬೇರೆ ಮಾಡಲು ಏನೂ ಇರಲಿಲ್ಲ. ಐವತ್ತೇಳು ಡಿಗ್ರಿ. ಸದ್ದೇ ಇಲ್ಲ.

ಸಂಜೆಯ ನಮಾಜಿನ ಮೇಲೆ ಮಾಲಂ ಬಾವಾ ಬಂದರು. ಹುಬ್ಬಿನಿಂದ ಗಡ್ಡದವರೆಗೆ ಬೂದುಬಣ್ಣದ ಬಂಡೆಪುಡಿ ಮೆತ್ತಿತ್ತು. ನೀರಿಲ್ಲದೆ ಮಣ್ಣು ಮುಟ್ಟಿ ಶುದ್ಧಿ ಮಾಡಿಕೊಂಡು ನಮಾಜು ಮುಗಿಸಿದ್ದರು. ಚಾಪೆಯ ಮೇಲೆ ಕೂತು ಕಾಲು ಚಾಚಿದರು. ಬಂದವರಿಗೆ ಮೊದಲು ನೀರು ಕೊಡುವುದು ಕೇಳಿ ಮಾಡುವ ಕೆಲಸವಲ್ಲ. ರಾಲಿಯಾ ಒಳಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ಒಂದಷ್ಟು ಹೊತ್ತು ಕಾದು ಮಾಲಂ ತಾವೇ ಕೇಳಿದರು.

“ಒಂದು ಗುಟುಕು ನೀರು ಕೊಡಪ್ಪ.”

ಸಗೀರ ರಾಲಿಯಾಳನ್ನು ನೋಡಿದ. ಅವಳು ಯಂತ್ರವನ್ನು ನೋಡುತ್ತಿದ್ದಳು. ಮಾಲಂ ಕೂಡ ಆ ಕಡೆ ತಿರುಗಿದರು. ಗಾಜಿನ ಪೆಟ್ಟಿಗೆಯ ಒಳಗೆ ತಿಳಿನೀಲಿ ನೀರು ದೀಪದ ಬೆಳಕಿನಲ್ಲಿ ಏರಿ, ಬಳಸಿ, ಇಳಿಯುತ್ತಿತ್ತು.

“ಅದು ನೀರಾ?”

“ಹೌದು, ಮಾಲಂ.”

“ಎಲ್ಲಿಗೆ ಹೋಗುತ್ತೆ?”

“ಎಲ್ಲಿಗೂ ಹೋಗಲ್ಲ. ತಿರುಗಿ ಅಲ್ಲಿಗೇ ಬರುತ್ತೆ.”

“ಕುಡಿಯೋಕೆ?”

“ಆಗಲ್ಲ. ಮದ್ದು ಹಾಕಿದೆ.”

ಮಾಲಂ ತಲೆದೂಗಿದರು, ರೋಗಿಯ ಸುದ್ದಿ ಕೇಳಿದವರ ಹಾಗೆ. ಹೊರಗೆ ಲಾರಿ ಹೊರಡುವ ಸದ್ದಾಯಿತು. ಬೆಳಗ್ಗೆ ನಿನ್ನ ಮನಸ್ಸಿನಲ್ಲಿ ಯಾವ ಜಾಗವಿತ್ತು ಎಂದು ಅವರು ಕೇಳಿದರು, ಬೈಯುವುದಕ್ಕಲ್ಲ, ಸುಮ್ಮನೆ.

“ಇನ್ನೂ ಮುಗಿದಿಲ್ಲ,” ಎಂದ ಸಗೀರ. “ಎರಡು ಗಂಟೆ ಇದೆ.”

“ಗಿರಣಿ ಹಿಂದಿನ ಬೇವಿನ ಮರ,” ಎಂದಳು ರಾಲಿಯಾ.

ಲಾರಿಯ ಸದ್ದು ಕೇರಿಯ ಬಾಯಿ ದಾಟಿತು. ಮಾಲಂ ಗೋಡೆ ಹಿಡಿದು ಎದ್ದರು. ಒಣಗಿದ ತುಟಿಯನ್ನು ನಾಲಗೆಯಿಂದ ಸವರಿಕೊಂಡರು.

“ಇರಲಿ ಬಿಡು,” ಎಂದರು. “ಇದರಲ್ಲಿ ನಿನ್ನ ನೀರಿರಲಿಲ್ಲ.”

ಅವರು ಹೋದ ಮೇಲೆ ಸಗೀರ ಮಂಡಿಯೂರಿದ. ತೊಟ್ಟಿಯಲ್ಲಿ ಮಟ್ಟ ಎರಡು ಬೆರಳು ಇಳಿದಿತ್ತು. ಕಾಗದದ ಚೂರುಗಳನ್ನು ಮತ್ತೆ ಒಂದೊಂದಾಗಿ ಮುಟ್ಟಿದ. ಎಲ್ಲೂ ಸೋರಿರಲಿಲ್ಲ, ಕೊಳವೆಯ ಗಾಳಿ ಹೊರಬಿದ್ದು ಇಳಿದದ್ದಷ್ಟೇ.

ಹೊರಗೆ ಕೊರೆದದ್ದು ಎಂಬತ್ತಾರು ಮೀಟರು. ಒಳಗೆ ಚೆಲ್ಲಿದ್ದು ಎರಡು ಕ್ಯಾನು.