ರಿಬ್ಬನ್ ಕಟ್ಟಿದ ಟ್ಯಾಗು

—ನಿಂಬೆ ವಾಸನೆ, ಮೂಗಿನೊಳಗೇ ಸೋಪು ಕುದಿಯುತ್ತಿದೆಯೇನೋ ಎನ್ನುವಷ್ಟು, ಸೋಪು ಕಲಸುವ ಮಿಕ್ಸರಿನ ಹೊಟ್ಟೆಯಲ್ಲಿ ಮಂಡಿಯೂರಿ ಬ್ಲೇಡಿಗೆ ಅಂಟಿದ್ದನ್ನು ತಗಡಿನ ತುಂಡಿನಿಂದ ಕೆರೆಯುತ್ತಿದ್ದೇನೆ, ಕೈ ಸೋಲಬೇಕಿತ್ತು, ಸೋಲುತ್ತಿಲ್ಲ, ಹೇಗೆ ಸೋತೀತು, ಹೊರಗೆ ಸ್ವಿಚ್ಚಿನ ಮೇಲೆ ನನ್ನ ಟ್ಯಾಗು ತೂಗುತ್ತಿದೆ, ನನ್ನದು, ಇಷ್ಟು ವರ್ಷ ಗಂಡಸರ ಟ್ಯಾಗುಗಳ ಕೆಳಗೆ ನೆಲ ಒರೆಸಿದವಳದು, ಕೆಂಪು, ಅಪಾಯ, ಚಾಲೂ ಮಾಡಬೇಡಿ, ಕೆಳಗೆ ನನ್ನ ಫೋಟೋ, ಹಲ್ಲು ಬಿಟ್ಟುಕೊಂಡು ನಗುತ್ತಿರುವುದು, ಸ್ವಲ್ಪ ಗಂಭೀರವಾಗಿರಿ ಅಕ್ಕ ಅಂದಿದ್ದ ಫೋಟೋದವನು, ಹೋಗಯ್ಯ, ಖುಷಿ ತಡೆಯೋಕಾಗುತ್ತಾ, ಅದು ಇರುವವರೆಗೆ ಮ್ಯಾನೇಜರೇ ಬಂದರೂ ಈ ಮಿಕ್ಸರ್ ತಿರುಗುವಂತಿಲ್ಲ, ಹಾಕಿದವರೇ ತೆಗೆಯಬೇಕು, ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ್ದು, ಈ ಹಳೇ ಸ್ವಿಚ್ಚಿಗೆ ಬೀಗ ಹಾಕುವ ಜಾಗವಿಲ್ಲ, ಇರುವುದು ಟ್ಯಾಗೊಂದೇ, ಕೈಯಿಂದ ಬಿಚ್ಚಲಾಗದ ಪ್ಲಾಸ್ಟಿಕ್ ಪಟ್ಟಿಯಲ್ಲೇ ಬಿಗಿಯಬೇಕು, ಹೂಂ, ಅದೊಂದು ಮಾತ್ರ — ಪಟ್ಟಿ ಸ್ಟೋರಿನಲ್ಲಿತ್ತು, ಸ್ಟೋರಿನವನು ಟೀಗೆ ಹೋಗಿದ್ದ, ಕಾಯುವ ತಾಳ್ಮೆ ಯಾರಿಗಿತ್ತು, ಮಗಳು ತನ್ನ ಜಡೆಯಿಂದ ಬಿಚ್ಚಿ ಕೊಟ್ಟ ರಿಬ್ಬನ್ ಜೇಬಿನಲ್ಲಿತ್ತು, ಅಮ್ಮಾ, ನಿನ್ ಫೋಟೋಗೆ ಇದನ್ನೇ ಕಟ್ಟು, ಚೆನ್ನಾಗ್ ಕಾಣುತ್ತೆ, ಜಡೆಗೆ ಹಾಕುವ ಹಾಗೇ ಹೂ ಮಾಡಿ ಕಟ್ಟಿದೆ, ಆಮೇಲೆ ಬದಲಾಯಿಸಿದರಾಯಿತು.

ಹೆಜ್ಜೆ ಸಪ್ಪಳ, ಎಡಗಾಲು ಎಳೆದು ನಡೆಯುವುದು, ನಮ್ಮನೆಯವರು, ಪ್ಯಾಕಿಂಗಿನಲ್ಲಿರಬೇಕಾದವರಿಗೆ ಇಲ್ಲೇನು ಕೆಲಸ — ಬನ್ರೋ, ನನ್ ಹೆಂಡ್ತಿ ಫೋಟೋ ಹೆಂಗ್ ಬಂದಿದೆ ನೋಡ್ರೋ, ಹಿಗ್ಗಿ ಹೀರೇಕಾಯಿಯಾದ ದನಿ, ಮದುವೆ ಫೋಟೋವನ್ನೂ ಹೀಗೆ ಯಾರಿಗೂ ತೋರಿಸಿದವರಲ್ಲ, ಕಣ್ಣು ತುಂಬಿ ಬಂತು, ನೋಡಲಿ, ಎಲ್ಲರೂ ನೋಡಲಿ, ಒಂದ್ ನಿಮಿಷ ಕಣೋ, ತೋರ್ಸಿ ಮತ್ತೆ ಕಟ್ತೀನಿ, ಯಾರಿಗೋ ಹೇಳುತ್ತಿದ್ದಾರೆ — ಮತ್ತೆ ಕಟ್ಟುವುದೇ, ದನಿ ದೂರ ಹೋಗುತ್ತಿದೆ, ಪ್ಯಾಕಿಂಗ್ ಕಡೆಗೆ, ಫೋಟೋ ಅಲ್ಲಿಗೆ ಹೇಗೆ — ರೀ, ಏನ್ರೀ, ಅದನ್ನ ಮುಟ್ಬಾರ್ದು ಕಣ್ರೀ, ಡ್ರಮ್ಮು ನನ್ನ ಕೂಗನ್ನು ನನಗೇ ವಾಪಸ್ ಕೊಡುತ್ತದೆ, ತಲೆ ಹೊರಗೆ, ಭುಜ, ಅಲ್ಲಿ ಅವರ ಕೈಯಲ್ಲಿ ಟ್ಯಾಗು, ರಿಬ್ಬನ್ ಜೋತಾಡುತ್ತಿದೆ, ಇಲ್ಲಿ ಸ್ವಿಚ್ಚಿನ ಮುಂದೆ ಆಪರೇಟರ್, ಪಾಳಿಗೆ ಈಗಷ್ಟೇ ಬಂದವನು, ಬೆನ್ನು ನನ್ನ ಕಡೆಗೆ, ಟ್ಯಾಗ್ ತೆಗ್ದಿದಾರೆ, ಕ್ಲೀನಿಂಗ್ ಮುಗೀತು ಅನ್ಸುತ್ತೆ, ತನಗೇ ಹೇಳಿಕೊಳ್ಳುತ್ತ ಕೈ ಎತ್ತಿದ, ಸೊಂಟ, ಮಂಡಿ, ಕಾಲು, ಇನ್ನೊಂದು ಕಾಲು, ಬಿದ್ದೆ, ನೆಲ, ಬೆನ್ನ ಹಿಂದೆ ಗರ್ರೆಂದು ಬ್ಲೇಡು ತಿರುಗಿತು, ನಾನು ಒಳಗೇ ಬಿಟ್ಟ ತಗಡಿನ ತುಂಡನ್ನು ನುರಿಯುತ್ತ, ಯಾರೋ ಕಿರುಚಿದರು, ಮಿಕ್ಸರ್ ನಿಂತಿತು, ನಮ್ಮನೆಯವರು ಓಡಿ ಬಂದಿದ್ದಾರೆ, ಕೈಯಲ್ಲಿ ಇನ್ನೂ ಆ ಟ್ಯಾಗು, ಅದರಲ್ಲಿ ನಾನು, ಹಲ್ಲು ಬಿಟ್ಟುಕೊಂಡು, ನಗುತ್ತ, ನಗುತ್ತಲೇ